ಬಲ್ಬ್ ಹೋಗಿಲ್ಲ ಸಾರ್, ಅರ್ತ್ ಹೋಗಿದೆ: ಶಿವಮೊಗ್ಗ ಆಟೋ ಕಾಂಪ್ಲೆಕ್ಸ್‌ನ ಒಂದು ಎಲೆಕ್ಟ್ರಿಷಿಯನ್ ಅಂಗಡಿ

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಯಾಕೆ ಕಟ್ ಆಯಿತು ಅಂತ ಆಮೇಲೆ ಹೇಳುತ್ತೇನೆ, ಮೊದಲು ನಾಲ್ಕೂವರೆಯ ಕಥೆ ಕೇಳಿ. ಕಾರಿನ ಹೊರಗಿನ ಲೈಟ್‌ಗಳು ಕೈಕೊಟ್ಟಾಗ ಸಿಕ್ಕಿದ್ದನ್ನೆಲ್ಲ ಬದಲಿಸದೆ, ತೊಂದರೆ ಎಲ್ಲಿದೆ ಅಂತ ಹುಡುಕಿ ಅಷ್ಟನ್ನೇ ಸರಿ ಮಾಡಿ ಕೊಡುವವರು ಈಗ ಸಿಗುವುದು ಕಷ್ಟ. ಶಿವಮೊಗ್ಗದಲ್ಲಿ ಅಂಥವರು ಒಬ್ಬರಿದ್ದಾರೆ.

ಅಂಗಡಿ ಇರುವುದು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಒಳಗೆ. ಶಿವಮೊಗ್ಗ ಸುತ್ತಮುತ್ತ ಗಾಡಿ ಇಟ್ಟುಕೊಂಡವರಿಗೆ ಈ ಜಾಗ ಗೊತ್ತೇ ಇರುತ್ತದೆ. ಟಿಂಕರಿಂಗ್ ಸದ್ದು, ಪೇಂಟ್ ವಾಸನೆ, ಅರ್ಧ ಬಿಚ್ಚಿಟ್ಟ ಲಾರಿಗಳು. ಈ ಅಂಗಡಿಗೊಂದು ಬೋರ್ಡ್ ಇದೆ, ಓದಲು ಬರುವುದಿಲ್ಲ, ಅಕ್ಷರ ಎಲ್ಲ ಬಿಸಿಲಿಗೆ ಮಾಸಿಹೋಗಿದೆ. ಬಾಗಿಲಲ್ಲಿ ಹಳೆ ಬ್ಯಾಟರಿ, ಬಿಚ್ಚಿದ ಸೆಲ್ಫ್ ಮೋಟರ್, ಗೋಡೆಗೆ ನೇತುಹಾಕಿದ ಬಣ್ಣಬಣ್ಣದ ವೈರ್ ಸುರುಳಿ. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯುವುದು, ನಾನೂ ಹಾಗೇ ಬರೆಯುತ್ತೇನೆ. ಹೆಸರು, ನಂಬರ್ ಹಾಕುತ್ತಿಲ್ಲ. "ಬೇಡ ಸಾರ್, ಇರೋ ಗಾಡೀನೇ ಮುಗಿತಾ ಇಲ್ಲ" ಅಂದರು.

ನನ್ನದು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡ ಹಳೆ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಯಾವ ಕಂಪನಿ ಅನ್ನುವುದು ಇಲ್ಲಿ ಮುಖ್ಯ ಅಲ್ಲ, ಈ ತೊಂದರೆ ಯಾವ ಹಳೆ ಕಾರಿಗೂ ಬರಬಹುದು. ಕೆಲಸದ ಮೇಲೆ ತೀರ್ಥಹಳ್ಳಿ ಕಡೆ ಓಡಾಟ ಜಾಸ್ತಿ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಅಂತ ತುಂಗೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಕಾಡಿನ ಒಳಗೆ ಹೋಗುವ ರಸ್ತೆ ಅದು. ಮಳೆಗಾಲದಲ್ಲಿ ಅಲ್ಲಿ ಸಂಜೆಯಾಗುವ ಮೊದಲೇ ಕತ್ತಲು. ಅಂಥ ರಸ್ತೆಯಲ್ಲಿ ನಿಮ್ಮ ಹಿಂದಿನ ಲೈಟ್ ಉರಿಯುತ್ತಿಲ್ಲ ಅಂದರೆ ಹಿಂದೆ ಬರುವ ಲಾರಿಯವನಿಗೆ ನೀವು ಕಾಣುವುದೇ ಇಲ್ಲ. ಹೆಡ್‌ಲೈಟ್ ಹೋದರೆ ನಮಗೇ ತಿಳಿಯುತ್ತದೆ. ಹಿಂದಿನದು ಹೋದರೆ ಯಾರಾದರೂ ಹೇಳಬೇಕು, ಅಲ್ವಾ?

ನನಗೂ ಪೆಟ್ರೋಲ್ ಬಂಕ್ ಹುಡುಗನೇ ಹೇಳಿದ್ದು. "ಅಣ್ಣಾ, ಬಲಗಡೆ ಬ್ರೇಕ್ ಲೈಟ್ ಮಂಕು ಐತೆ." ಹೋಗಿ ನೋಡಿದರೆ ಬರೀ ಮಂಕಲ್ಲ. ಬಲಗಡೆ ಇಂಡಿಕೇಟರ್ ಹಾಕಿದರೆ ಪಕ್ಕದ ಕೆಂಪು ದೀಪವೂ ಅದರ ಜೊತೆ ಮಿಣುಕುತ್ತಿದೆ. ಬ್ರೇಕ್ ಒತ್ತಿ ಹಿಡಿದರೆ ಕೆಂಪು ಪೂರ್ತಿ ಬರುವುದಿಲ್ಲ, ಹಳದಿಯಲ್ಲಿ ಒಂದು ಸಣ್ಣ ಹೊಳಪು. ಇದು ಒಂದು. ಎರಡನೆಯದು, ಪಾರ್ಕಿಂಗ್ ಲೈಟ್, ಟೇಲ್ ಲೈಟ್, ನಂಬರ್ ಪ್ಲೇಟ್ ಲೈಟ್ ಎಲ್ಲ ಒಟ್ಟಿಗೆ ಹೋಗುವುದು. ಫ್ಯೂಸ್ ಬದಲಿಸಿದರೆ ಬರುತ್ತದೆ, ಯಾವಾಗಲೋ ಮತ್ತೆ ಹೋಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ. ಮೂರನೆಯದು, ಎಡಗಡೆ ಹೆಡ್‌ಲೈಟಿನ ಡಿಮ್ ಇಲ್ಲ, ಬ್ರೈಟ್ ಮಾತ್ರ ಬರುತ್ತದೆ. ಹಾಗಂತ ಬ್ರೈಟ್‌ನಲ್ಲೇ ಓಡಿಸಿದರೆ ಎದುರಿನಿಂದ ಬರುವವರ ಶಾಪ.

ಮೊದಲು ಹೋಗಿದ್ದು ಕಂಪನಿ ಸರ್ವಿಸ್ ಸೆಂಟರ್‌ಗೆ. ಯಾವುದು ಅಂತ ಹೇಳುವುದಿಲ್ಲ. ಎಸಿ ರೂಮು, ಕಾಫಿ, ಎಲ್ಲ ಚೆನ್ನಾಗಿತ್ತು. ಸಂಜೆ ಅಡ್ವೈಸರ್ ಬಂದು ಟ್ಯಾಬ್ ತೋರಿಸಿ, "ಸಾರ್, ವೈರಿಂಗ್ ಹಾರ್ನೆಸ್‌ನಲ್ಲಿ ಪ್ರಾಬ್ಲಂ ಇದೆ, ಹಿಂದಿನ ಹಾರ್ನೆಸ್ ಪೂರ್ತಿ ಬದಲಿಸಬೇಕು, ಬಲಗಡೆ ಟೇಲ್ ಲ್ಯಾಂಪ್ ಅಸೆಂಬ್ಲಿಯೂ ಹೊಸದು ಹಾಕಬೇಕು" ಅಂತ ಹದಿನೆಂಟು ಸಾವಿರ ಚಿಲ್ಲರೆಯ ಎಸ್ಟಿಮೇಟ್ ಕೊಟ್ಟರು. ಹಾರ್ನೆಸ್ ಅಂದರೆ ಕಾರಿನ ಒಳಗೆ ಹಾದುಹೋಗುವ ವೈರ್‌ಗಳ ಕಟ್ಟು. ಅದರಲ್ಲಿ ಎಲ್ಲಿ ತೊಂದರೆ ಅಂತ ಕೇಳಿದೆ. "ಒಳಗಡೆ ಸಾರ್" ಅಂದರು. ಒಳಗಡೆ ಅಂದರೆ ಎಲ್ಲಿ ಅನ್ನುವುದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಕಲಿಸಿರುವುದೇ ಹಾಗೆ. ಒಂದು ವೈರ್ ಹುಡುಕುತ್ತಾ ಅರ್ಧ ದಿನ ಕೂತರೆ ಅದಕ್ಕೆ ಬಿಲ್ ಹಾಕುವುದು ಕಷ್ಟ, ಪಾರ್ಟ್ ಬದಲಿಸಿದರೆ ಸುಲಭ.

ಭಾಯ್ ಅಂಗಡಿ ಹೇಳಿದ್ದು ನಮ್ಮ ಭಾವ. ಅಡಿಕೆ ವ್ಯಾಪಾರ ಅವರದು, ಗಾಡಿ ವಿಷಯದಲ್ಲಿ ಒಂದು ರೂಪಾಯಿ ಜಾಸ್ತಿ ಕೊಡುವ ಜನ ಅಲ್ಲ. ಅವರು ಒಳ್ಳೆಯದು ಅಂದರೆ ಅದಕ್ಕೆ ತೂಕ ಇದೆ.

ಭಾಯ್ ಮೊದಲು ಮಾಡಿದ್ದು ಬರೀ ನೋಡುವ ಕೆಲಸ. ಒಂದು ಸ್ಕ್ರೂ ಬಿಚ್ಚಲಿಲ್ಲ. ನನ್ನನ್ನು ಸೀಟಿನಲ್ಲಿ ಕೂರಿಸಿ ಒಂದೊಂದೇ ಸ್ವಿಚ್ ಹಾಕಿಸಿದರು. ಪಾರ್ಕಿಂಗ್, ಡಿಮ್, ಬ್ರೈಟ್, ಎಡ ಇಂಡಿಕೇಟರ್, ಬಲ ಇಂಡಿಕೇಟರ್, ನಾಲ್ಕೂ ಒಟ್ಟಿಗೆ, ಬ್ರೇಕ್, ರಿವರ್ಸ್. ಪ್ರತಿಯೊಂದಕ್ಕೂ ಕಾರು ಸುತ್ತಿ ಬಂದು ನೋಡಿದರು. ಆಮೇಲೆ ಬ್ರೇಕ್ ಮತ್ತು ಬಲ ಇಂಡಿಕೇಟರ್ ಎರಡನ್ನೂ ಒಟ್ಟಿಗೆ ಹಾಕಿಸಿ ಒಂದು ಸಲ ನೋಡಿ, ಬಾಯಲ್ಲಿದ್ದ ಅಡಿಕೆ ಪಕ್ಕಕ್ಕೆ ತಳ್ಳಿ, "ಬಲ್ಬ್ ಹೋಗಿಲ್ಲ ಸಾರ್, ಅರ್ತ್ ಹೋಗಿದೆ" ಅಂದರು. ಡಿಕ್ಕಿ ಇನ್ನೂ ತೆಗೆದೇ ಇರಲಿಲ್ಲ!

ಹೇಗೆ ಹೇಳಿದರು ಅಂತ ಆಮೇಲೆ ಅವರೇ ವಿವರಿಸಿದರು, ಇದು ಎಲ್ಲರಿಗೂ ಉಪಯೋಗಕ್ಕೆ ಬರುವ ವಿಷಯ. ಹಿಂದಿನ ಟೇಲ್ ಲ್ಯಾಂಪ್ ಡಬ್ಬಿಯಲ್ಲಿ ಬ್ರೇಕ್, ಟೇಲ್, ಇಂಡಿಕೇಟರ್, ರಿವರ್ಸ್ ಎಲ್ಲಕ್ಕೂ ಕರೆಂಟ್ ಬರುವ ವೈರ್ ಬೇರೆಬೇರೆ. ವಾಪಸ್ ಹೋಗುವ ದಾರಿ ಮಾತ್ರ ಒಂದೇ, ಅದು ಕಾರಿನ ಬಾಡಿಗೆ ಬೋಲ್ಟ್ ಹಾಕಿದ ಒಂದು ಅರ್ತ್ ವೈರ್. ಆ ದಾರಿ ಕಟ್ಟಿಕೊಂಡರೆ ಕರೆಂಟ್ ಸುಮ್ಮನೆ ನಿಲ್ಲುವುದಿಲ್ಲ, ಪಕ್ಕದ ಬಲ್ಬಿನ ಫಿಲಮೆಂಟ್ ಒಳಗೆ ನುಗ್ಗಿ ಬೇರೆ ಕಡೆಯಿಂದ ಅರ್ತ್ ಹುಡುಕಿಕೊಂಡು ಹೋಗುತ್ತದೆ. ಅದಕ್ಕೇ ಒಂದು ಹಾಕಿದರೆ ಇನ್ನೊಂದು ಮಿಣುಕುವುದು, ಎಲ್ಲ ಮಂಕಾಗುವುದು. ಬಲ್ಬ್ ಸುಟ್ಟಿದ್ದರೆ ಅದೊಂದು ಉರಿಯುವುದಿಲ್ಲ ಅಷ್ಟೇ, ಪಕ್ಕದವರ ತಂಟೆಗೆ ಹೋಗುವುದಿಲ್ಲ. ಒಂದೇ ಡಬ್ಬಿಯಲ್ಲಿ ಎರಡು ಮೂರು ಲೈಟ್ ಒಟ್ಟಿಗೆ ಹುಚ್ಚಾಟ ಆಡುತ್ತಿವೆ ಅಂದರೆ ಮೊದಲು ಅರ್ತ್ ನೋಡಿ.

ಹೇಳಿದ್ದನ್ನು ತೋರಿಸಿಯೂ ಕೊಟ್ಟರು. ಒಂದು ತುಂಡು ವೈರ್ ತೆಗೆದುಕೊಂಡು ಒಂದು ತುದಿಯನ್ನು ಟೇಲ್ ಲ್ಯಾಂಪ್ ಕಪ್ಲರ್‌ನ (ವೈರ್‌ಗಳನ್ನು ಸಿಕ್ಕಿಸುವ ಪ್ಲಗ್) ಅರ್ತ್ ಪಿನ್ನಿಗೆ, ಇನ್ನೊಂದು ತುದಿಯನ್ನು ಡಿಕ್ಕಿ ಲಾಕಿನ ಹತ್ತಿರ ಬಣ್ಣ ಇಲ್ಲದ ಕಬ್ಬಿಣಕ್ಕೆ ಒತ್ತಿ ಹಿಡಿದು ನನಗೆ ಬ್ರೇಕ್ ಒತ್ತಲು ಹೇಳಿದರು. ಹಿಂದೆ ನಿಂತಿದ್ದ ಆಟೋದ ಗ್ಲಾಸಿನಲ್ಲಿ ಕೆಂಪು ಫಳ್ ಅಂತ ಕಂಡಿತು. ವೈರ್ ತೆಗೆದರು, ಮತ್ತೆ ಮಂಕು. ಅಷ್ಟೇ ಸಾಕಿತ್ತು. ಹದಿನೆಂಟು ಸಾವಿರದ ಎಸ್ಟಿಮೇಟಿನಲ್ಲಿ ಒಂದು ದೊಡ್ಡ ಭಾಗ ಆ ಒಂದು ಗೇಣು ವೈರಿನಲ್ಲಿ ಹೋಯಿತು.

ಡಿಕ್ಕಿಯ ಒಳಗಿನ ಕವರ್ ಬಿಚ್ಚಿದಾಗ ಆ ಅರ್ತ್ ಬೋಲ್ಟ್ ಸಿಕ್ಕಿತು. ಅದರ ತಲೆ ಮೇಲೆ ತುಕ್ಕು, ವೈರಿನ ತುದಿಯಲ್ಲಿ ಬೋಲ್ಟಿಗೆ ಕೂರುವ ಲೋಹದ ಬಳೆ, ಅಂದರೆ ಲಗ್, ಅದರ ಸುತ್ತ ಹಸಿರು ಬಿಳಿ ಪುಡಿ. ಟೇಲ್ ಲ್ಯಾಂಪಿನ ರಬ್ಬರ್ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಸೀಳಿತ್ತು, ಮಲೆನಾಡಿನ ಮಳೆ ಅಲ್ಲಿಂದ ಇಳಿದು ನೇರ ಆ ಬೋಲ್ಟ್ ಮೇಲೆ ಹೋಗುತ್ತಿತ್ತು. ಬೋಲ್ಟ್ ಬಿಚ್ಚಿ, ಎಮರಿ ಪೇಪರ್‌ನಲ್ಲಿ ಬಾಡಿಯ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಹೊಸ ಲಗ್ ಹಾಕಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರು. ಗ್ಯಾಸ್ಕೆಟ್ ಸೀಳಿದ ಕಡೆ ಸೀಲೆಂಟ್ ತುಂಬಿದರು. ಇದನ್ನು ಬಿಟ್ಟಿದ್ದರೆ ಮುಂದಿನ ಆಗಸ್ಟ್‌ಗೆ ನಾನು ಮತ್ತೆ ಅಲ್ಲೇ ನಿಂತಿರುತ್ತಿದ್ದೆ.

ಇಲ್ಲಿ ನನ್ನ ಮಲ್ಟಿಮೀಟರ್ ಬಗ್ಗೆ ಒಂದು ಮಾತು. ನನ್ನ ಹತ್ತಿರ ಒಂದು ಡಿಜಿಟಲ್ ಮೀಟರ್ ಇದೆ, ಅದನ್ನು ಹೋಲ್ಡರ್‌ಗೆ ಹಿಡಿದರೆ 12 ವೋಲ್ಟ್ ಚೆನ್ನಾಗಿಯೇ ತೋರಿಸುತ್ತಿತ್ತು, ಆದರೆ ಬಲ್ಬ್ ಮಾತ್ರ ಸರಿಯಾಗಿ ಉರಿಯುತ್ತಿರಲಿಲ್ಲ. ಭಾಯ್ ಅದನ್ನು ನೋಡಿ ನಕ್ಕರು. ಮೀಟರ್ ಎಳೆಯುವ ಕರೆಂಟ್ ಇಷ್ಟೇ ಇಷ್ಟು, ತುಕ್ಕು ಹಿಡಿದ ಜಾಯಿಂಟ್‌ನಲ್ಲೂ ಅದು ದಾಟಿಬಿಡುತ್ತದೆ. 21 ವ್ಯಾಟಿನ ಬಲ್ಬಿಗೆ ಸುಮಾರು ಎರಡು ಆಂಪಿಯರ್ ಬೇಕು, ಅದು ದಾಟುವುದಿಲ್ಲ. ಅದಕ್ಕೇ ಅವರ ಟೆಸ್ಟರ್ ಅಂದರೆ ಹಳೆಯ ಇಂಡಿಕೇಟರ್ ಹೋಲ್ಡರ್‌ಗೆ ಎರಡು ಉದ್ದ ವೈರ್ ಬೆಸೆದು, ಒಂದಕ್ಕೆ ಕ್ಲಿಪ್, ಇನ್ನೊಂದಕ್ಕೆ ಗೋಣಿ ಹೊಲಿಯುವ ದಬ್ಬಣ. ಆ ಬಲ್ಬ್ ಪೂರ್ತಿ ಉರಿದರೆ ಲೈನ್ ಸರಿ, ಮಂಕಾದರೆ ಎಲ್ಲೋ ತಡೆ ಇದೆ. ಮೀಟರ್ ಇಟ್ಟುಕೊಂಡವರು ಬಲ್ಬ್ ಹಾಕಿ, ಲೈಟ್ ಆನ್ ಮಾಡಿಟ್ಟು, ಹೋಲ್ಡರ್‌ನ ಅರ್ತ್‌ಗೂ ಬ್ಯಾಟರಿ ಮೈನಸ್‌ಗೂ ನಡುವೆ ವೋಲ್ಟ್ ಅಳೆಯಿರಿ. ಸೊನ್ನೆಗೆ ಹತ್ತಿರ ಇರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ಅಂತ ತೋರಿಸಿದರೆ ಅರ್ತ್ ದಾರಿಯಲ್ಲೇ ತೊಂದರೆ.

ಎರಡನೆಯದು ಪದೇಪದೇ ಹೋಗುವ ಫ್ಯೂಸ್. ನನ್ನ ಮಟ್ಟಿಗೆ ಇಡೀ ದಿನದಲ್ಲಿ ನೋಡಲು ಚೆಂದ ಇದ್ದದ್ದು ಇದು. ನಮ್ಮ ಕಾರಿನಲ್ಲಿ ಟೇಲ್, ಪಾರ್ಕಿಂಗ್, ನಂಬರ್ ಪ್ಲೇಟ್, ಡ್ಯಾಶ್‌ಬೋರ್ಡಿನ ಬೆಳಕು ಎಲ್ಲ ಒಂದೇ 10 ಆಂಪಿಯರ್ ಫ್ಯೂಸಿನ ಮೇಲೆ. (ಹಾಗಾಗಿ ರಾತ್ರಿ ಓಡಿಸುವಾಗ ಮೀಟರ್ ಬೋರ್ಡ್ ಇದ್ದಕ್ಕಿದ್ದ ಹಾಗೆ ಕತ್ತಲಾದರೆ ಹಿಂದಿನ ಲೈಟೂ ಹೋಗಿರುವ ಸಾಧ್ಯತೆ ಇದೆ, ಇಳಿದು ನೋಡಿ.) ಹತ್ತರ ಫ್ಯೂಸ್ ಕೆಂಪು, ಹದಿನೈದರದ್ದು ನೀಲಿ, ಇಪ್ಪತ್ತರದ್ದು ಹಳದಿ, ಮೂವತ್ತರದ್ದು ಹಸಿರು. ನನ್ನ ಕಾರಿನಲ್ಲಿ ಕೆಂಪು ಇರಬೇಕಾದ ಕಡೆ ಯಾವನೋ ಪುಣ್ಯಾತ್ಮ ಒಮ್ಮೆ ಹಳದಿ ಹಾಕಿದ್ದ. ಹಿಂದಿನ ಮಾಲೀಕರ ಕಾಲದಲ್ಲೇ ಇರಬೇಕು, ಅಲ್ಲಿನ ಪ್ಲಾಸ್ಟಿಕ್ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿದೆ. ಫ್ಯೂಸ್ ನಿಲ್ಲುತ್ತಿಲ್ಲ ಅಂತ ದೊಡ್ಡದು ಹಾಕಿದರೆ ಫ್ಯೂಸಿನ ಬದಲು ವೈರ್ ಸುಡುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರೂ ಇದ್ದಾರೆ, ಅವರಿಗೆ ಏನು ಹೇಳುವುದು.

ಭಾಯ್ ತಕ್ಷಣ ಹೊಸ ಫ್ಯೂಸ್ ಹಾಕಲಿಲ್ಲ. ಫ್ಯೂಸ್ ಜಾಗಕ್ಕೆ ಒಂದು 21 ವ್ಯಾಟಿನ ಬಲ್ಬನ್ನೇ ಎರಡು ವೈರಿನಿಂದ ಸಿಕ್ಕಿಸಿ, ಸ್ಟೇರಿಂಗ್ ಕೆಳಗೆ ಪೆಡಲ್ ಹತ್ತಿರ ತೂಗುಬಿಟ್ಟರು. ಪಾರ್ಕಿಂಗ್ ಆನ್ ಮಾಡಿದರೆ ಬಲ್ಬ್ ಅರ್ಧಂಬರ್ಧ ಉರಿಯಿತು, ಹಿಂದೆ ಟೇಲ್ ಲೈಟೂ ಅರ್ಧಂಬರ್ಧ. "ಈಗ ಶಾರ್ಟ್ ಇಲ್ಲ ಸಾರ್, ಅದು ಬಂದು ಹೋಗೋ ಶಾರ್ಟ್" ಅಂದರು. ಶಾರ್ಟ್ ಇದ್ದಿದ್ದರೆ ಬ್ಯಾಟರಿಯ ಪೂರ್ತಿ 12 ವೋಲ್ಟ್ ಈ ಬಲ್ಬಿಗೇ ಬೀಳುತ್ತಿತ್ತು, ಅದು ಪೂರ್ತಿ ಬೆಳಗುತ್ತಿತ್ತು. ಫ್ಯೂಸ್ ಆದರೆ ಒಂದು ಸಲ ಸುಟ್ಟು ಮುಗಿಯುತ್ತದೆ, ಬಲ್ಬ್ ಎಷ್ಟು ಹೊತ್ತು ಬೇಕಾದರೂ ಉರಿಯುತ್ತಾ ಕಾವಲು ಕೂರುತ್ತದೆ, ವೈರೂ ಸುಡುವುದಿಲ್ಲ.

ಆಮೇಲೆ ಅವರು ಬಲ್ಬಿನ ಮುಂದೆ ಕೂತು ನೋಡುತ್ತಾ ಇದ್ದರು, ಅಂಗಡಿ ಹುಡುಗ ಕಾರು ಸುತ್ತ ಹೋಗಿ ಒಂದೊಂದೇ ಕಡೆ ವೈರ್ ಅಲ್ಲಾಡಿಸುತ್ತಾ ಬಂದ. ಬಾನೆಟ್ ಒಳಗೆ, ಏನೂ ಇಲ್ಲ. ಮುಂದಿನ ಬಂಪರ್ ಹತ್ತಿರ, ಏನೂ ಇಲ್ಲ. ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿ ಅಲ್ಲಿ ಹಾದುಹೋಗುವ ವೈರ್ ಕಟ್ಟನ್ನು ಎಳೆದ, ಅಲ್ಲೂ ಇಲ್ಲ. ಹಿಂದೆ ಹೋಗಿ ಡಿಕ್ಕಿ ಬಾಗಿಲು ನಿಧಾನಕ್ಕೆ ಎತ್ತಿದಾಗ, ಅರ್ಧಕ್ಕೆ ಬರುತ್ತಿದ್ದ ಹಾಗೆ, ಪೆಡಲ್ ಹತ್ತಿರ ಬಲ್ಬ್ ಝಗ್ ಅಂತ ಹೊತ್ತಿಕೊಂಡಿತು. "ನಿಲ್ಸು, ನಿಲ್ಸು, ಅಲ್ಲೇ ಹಿಡಿ" ಅಂತ ಭಾಯ್ ಕೂಗಿದರು. ಬಾಗಿಲು ಒಂದು ಇಂಚು ಇಳಿಸಿದ, ಮಂಕು. ಎತ್ತಿದ, ಝಗ್. ತೂಗುತ್ತಿದ್ದ ಬಲ್ಬನ್ನು ನೋಡುತ್ತಾ ಪಕ್ಕದ ಅಂಗಡಿಯ ರೇಡಿಯೇಟರ್ ಕೆಲಸದವರೂ ಬಂದು ನಿಂತಿದ್ದರು.

ಬಾಡಿಯಿಂದ ಡಿಕ್ಕಿ ಬಾಗಿಲಿಗೆ ವೈರ್ ಹೋಗುವುದು ಮೇಲೆ ಕೀಲಿನ ಪಕ್ಕ, ಮಡಿಕೆ ಮಡಿಕೆಯ ಒಂದು ಕಪ್ಪು ರಬ್ಬರ್ ಕೊಳವೆಯ ಒಳಗೆ. ಬಾಗಿಲು ತೆಗೆದು ಹಾಕಿದಾಗೆಲ್ಲ ಅಲ್ಲಿ ವೈರ್ ಮಡಚಿ ಬಿಚ್ಚುತ್ತದೆ, ವರ್ಷಗಟ್ಟಲೆ. ಕೊಳವೆ ಜಾರಿಸಿ ನೋಡಿದರೆ ಒಳಗೆ ವೈರಿನ ಮೇಲಿನ ಪ್ಲಾಸ್ಟಿಕ್ ಬಳೆ ಬಳೆಯಾಗಿ ಒಡೆದಿತ್ತು. ನಂಬರ್ ಪ್ಲೇಟ್ ಲೈಟಿಗೆ ಹೋಗುವ ವೈರಿನ ತಾಮ್ರ ಹೊರಗೆ ಬಂದು, ಬಾಗಿಲು ಅರ್ಧ ಎತ್ತಿದಾಗ ರಬ್ಬರ್ ಕೂರುವ ತೂತಿನ ಅಂಚಿನ ಕಬ್ಬಿಣಕ್ಕೆ ತಾಗುತ್ತಿತ್ತು. ರಾತ್ರಿ ಲೈಟ್ ಹಾಕಿಕೊಂಡೇ ಸಾಮಾನು ಇಳಿಸಲು ಡಿಕ್ಕಿ ತೆಗೆದರೆ ಫ್ಯೂಸ್ ಢಮಾರ್, ಹಗಲು ತೆಗೆದರೆ ಏನೂ ಇಲ್ಲ. ಯಾಕೆ, ಯಾವಾಗ ಹೋಗುತ್ತದೆ ಅಂತ ತಿಳಿಯದೆ ಇದ್ದದ್ದಕ್ಕೆ ಕಾರಣ ಇದೇ.

ಸರಿ ಮಾಡಿದ ರೀತಿಯೂ ಇಷ್ಟವಾಯಿತು. ಇನ್ಸುಲೇಷನ್ ಟೇಪ್ ಸುತ್ತಿ ಕಳಿಸುವುದು ಎರಡು ನಿಮಿಷದ ಕೆಲಸ. ಅವರು ಹಾಗೆ ಮಾಡಲಿಲ್ಲ. ಒಡೆದ ಭಾಗವನ್ನೇ ಕತ್ತರಿಸಿ ತೆಗೆದು, ಎಳೆ ಜಾಸ್ತಿ ಇರುವ ಮೆತ್ತನೆಯ ಹೊಸ ವೈರ್ ತುಂಡುಗಳನ್ನು ಸೇರಿಸಿದರು. ಜಾಯಿಂಟ್‌ಗಳನ್ನು ಮಡಚುವ ಜಾಗದಲ್ಲಿ ಇಡಲಿಲ್ಲ, ಒಂದು ತುದಿ ಬಾಡಿಯ ಒಳಗೆ, ಇನ್ನೊಂದು ಬಾಗಿಲಿನ ಒಳಗೆ ಬರುವ ಹಾಗೆ ಉದ್ದ ಬಿಟ್ಟುಕೊಂಡರು. ಬೆಸುಗೆ ಹಾಕಿದ ಜಾಗ ಗಟ್ಟಿಯಾಗುತ್ತದೆ, ಅದನ್ನು ಮಡಚುತ್ತಾ ಇದ್ದರೆ ಅದರ ಪಕ್ಕದಲ್ಲೇ ಮುರಿಯುತ್ತದೆ. ಜಾಯಿಂಟ್‌ಗಳನ್ನು ಅಕ್ಕಪಕ್ಕ ಒಂದೇ ಸಾಲಿಗೆ ತರದೆ ಹಿಂದೆ ಮುಂದೆ ಮಾಡಿ, ಒಂದೊಂದಕ್ಕೂ ಸ್ಲೀವ್ ಹಾಕಿ, ಲೈಟರ್‌ನಲ್ಲಿ ಕಾಯಿಸಿ ಕುಗ್ಗಿಸಿದರು. ಆ ಕೊಳವೆಯಲ್ಲಿದ್ದ ಉಳಿದ ವೈರ್‌ಗಳನ್ನೂ, ಇನ್ನೂ ಕೆಲಸ ಮಾಡುತ್ತಿದ್ದವುಗಳನ್ನೂ ಸೇರಿಸಿ, ಬದಲಿಸಿಯೇಬಿಟ್ಟರು. "ಇವತ್ತು ಇದು ಹೋಗಿದೆ, ನಾಳೆ ಹಿಂದಿನ ವೈಪರ್ದು ಹೋಗತ್ತೆ ಸಾರ್, ಮತ್ತೆ ಬರ್ತೀರಾ?" ಹ್ಯಾಚ್‌ಬ್ಯಾಕ್ ಇರುವವರು, ನಂಬರ್ ಪ್ಲೇಟ್ ಲೈಟೋ, ಹಿಂದಿನ ಗ್ಲಾಸಿನ ಹೀಟರೋ, ಮೇಲಿನ ಮೂರನೇ ಬ್ರೇಕ್ ಲೈಟೋ ಕೈಕೊಟ್ಟರೆ ಮೊದಲು ಈ ರಬ್ಬರ್ ಕೊಳವೆ ಜಾರಿಸಿ ನೋಡಿ.

ಹೆಡ್‌ಲೈಟ್ ವಿಷಯ ಬೇಗ ಮುಗಿಯಿತು. ಕಪ್ಲರ್ ಎಳೆದರೆ ಬರಲಿಲ್ಲ, ಬಲ್ಬಿಗೆ ಅಂಟಿಕೊಂಡಿತ್ತು. ಅಲ್ಲಾಡಿಸಿ ತೆಗೆದಾಗ ಡಿಮ್ಮಿನ ಪಿನ್ ಕೂರುವ ಕಡೆ ಪ್ಲಾಸ್ಟಿಕ್ ಕರಗಿ ಕಪ್ಪಾಗಿತ್ತು. ಒಳಗಿದ್ದದ್ದು 100/90 ವ್ಯಾಟಿನ ಎಚ್4 ಬಲ್ಬ್, ಅಂದರೆ ಬ್ರೈಟ್‌ಗೆ 100, ಡಿಮ್‌ಗೆ 90. ಕಂಪನಿ ಹಾಕುವುದು 60/55ರದ್ದು, ಅದು ಐದು ಆಂಪಿಯರ್ ಒಳಗೆ ಎಳೆಯುತ್ತದೆ. ಇದು ಎಂಟು. ಆ ತೆಳು ವೈರಿಗೂ ಆ ಪ್ಲಾಸ್ಟಿಕ್ಕಿಗೂ ಅಷ್ಟು ತಡೆಯುವ ಶಕ್ತಿ ಇಲ್ಲ. ಪಿನ್ ಬಿಸಿಯಾಗಿ ಸಡಿಲವಾಗುತ್ತದೆ, ಸಡಿಲವಾದದ್ದು ಇನ್ನೂ ಬಿಸಿಯಾಗುತ್ತದೆ, ಹೀಗೇ ಒಂದು ದಿನ ಡಿಮ್ ಇಲ್ಲ. ರಿಲೇ (ಜಾಸ್ತಿ ಕರೆಂಟನ್ನು ಬೇರೆ ದಪ್ಪ ವೈರಿನಲ್ಲಿ ಬಿಡುವ ಸ್ವಿಚ್) ಹಾಕದೆ ದೊಡ್ಡ ಬಲ್ಬ್ ಮಾತ್ರ ಹಾಕಿಸಿಕೊಂಡವರ ಗಾಡಿಗಳಲ್ಲಿ ಇದು ಮಾಮೂಲಿ ಅಂತೆ. ಎರಡೂ ಕಡೆ 60/55 ಬಲ್ಬ್, ಎಡಗಡೆಗೆ ಹೊಸ ಸೆರಾಮಿಕ್ ಹೋಲ್ಡರ್ ಬಂತು. ಬಲ್ಬಿನ ಗಾಜಿಗೆ ಬೆರಳು ತಾಗದ ಹಾಗೆ ಬುಡ ಹಿಡಿದೇ ಕೂರಿಸಿದರು. ಬೆರಳಿನ ಎಣ್ಣೆ ತಾಗಿದ ಕಡೆ ಹ್ಯಾಲೋಜನ್ ಗಾಜು ಜಾಸ್ತಿ ಕಾದು, ಬಲ್ಬ್ ಬೇಗ ಹೋಗುತ್ತದೆ.

ಎಲ್‌ಇಡಿ ಹಾಕಿಬಿಡಿ ಭಾಯ್, ಘಾಟಿಯಲ್ಲಿ ಚೆನ್ನಾಗಿ ಕಾಣುತ್ತದೆ ಅಂದೆ. ಅವರು ಹಾಕುವುದಿಲ್ಲವಂತೆ, ಹ್ಯಾಲೋಜನ್‌ಗೆ ಮಾಡಿದ ರಿಫ್ಲೆಕ್ಟರ್‌ಗೆ ಎಲ್‌ಇಡಿ ತುರುಕಿದರೆ ಬೆಳಕು ರಸ್ತೆಗೆ ಬೀಳುವುದಕ್ಕಿಂತ ಎದುರಿನವನ ಕಣ್ಣಿಗೆ ಬೀಳುವುದೇ ಜಾಸ್ತಿ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಇಂಥ ಕಣ್ಣು ಕುಕ್ಕುವ ಲೈಟ್‌ಗಳ ಮೇಲೆ ಕೇಸ್ ಹಾಕಲು ಶುರು ಮಾಡಿದ ಮೇಲೆ, ಹಾಕಿಸಿಕೊಂಡವರೇ ಬಂದು ಬಿಚ್ಚಿಸಿಕೊಂಡು ಹೋದರು ಅಂತ ನಗುತ್ತಾ ಹೇಳಿದರು. ಆಗುಂಬೆಯ ಮಂಜಿನಲ್ಲಿ ಆ ಬಿಳಿ ಬೆಳಕು ಎದುರಿಗೆ ಗೋಡೆ ಎಬ್ಬಿಸಿದ ಹಾಗೆ ಕಾಣುತ್ತದೆ, ಅದು ನನ್ನ ಸ್ವಂತ ಅನುಭವ, ಅಣ್ಣನ ಕಾರಿನಲ್ಲಿ. ಅಲ್ಲಿಗೆ ಆ ಆಸೆ ಬಿಟ್ಟೆ. ಇಂಡಿಕೇಟರ್‌ಗೆ ಎಲ್‌ಇಡಿ ಹಾಕಿಸಿಕೊಂಡವರದು ಇನ್ನೊಂದು ತಮಾಷೆ. ಟಿಕ್ ಟಿಕ್ ಅನ್ನುವುದು ಟಿಕಟಿಕಟಿಕ ಆಗಿಬಿಡುತ್ತದೆ. ಎಲ್‌ಇಡಿ ಎಳೆಯುವ ಕರೆಂಟ್ ಕಡಿಮೆ, ಇಂಡಿಕೇಟರ್ ಮಿಣುಕಿಸುವ ಫ್ಲ್ಯಾಷರ್ ಅದನ್ನು ಬಲ್ಬ್ ಸುಟ್ಟಿದೆ ಅಂತಲೇ ಲೆಕ್ಕ ಹಾಕುತ್ತದೆ. ಮಾಮೂಲಿ ಬಲ್ಬ್ ಇರುವ ಕಾರಿನಲ್ಲಿ ಒಂದು ಕಡೆ ಮಾತ್ರ ಹೀಗೆ ಜೋರಾಗಿ ಹೊಡೆದುಕೊಂಡರೆ ಆ ಕಡೆ ಮುಂದಿನದೋ ಹಿಂದಿನದೋ ಒಂದು ಬಲ್ಬ್ ಹೋಗಿದೆ ಅಂತ ಅರ್ಥ.

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದಿಷ್ಟು ನೋಡಿಕೊಂಡು ಹೋದರೆ ಅವರಿಗೂ ಅನುಕೂಲ, ನಿಮಗೂ ಕಾಸು ಉಳಿಯುತ್ತದೆ. ಒಂದೇ ಲೈಟ್ ಹೋಗಿದ್ದರೆ ಬಲ್ಬ್, ಹೋಲ್ಡರ್ ಅಥವಾ ಆ ಕಡೆಯ ಅರ್ತ್. ಎರಡೂ ಕಡೆ ಒಟ್ಟಿಗೆ ಹೋದರೆ ಫ್ಯೂಸ್, ರಿಲೇ, ಸ್ವಿಚ್ ಕಡೆ ನೋಡಬೇಕು. ಆದರೆ ಹೆಡ್‌ಲೈಟಿಗೆ ತುಂಬಾ ಕಾರುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಬೇರೆ ಫ್ಯೂಸ್ ಇರುತ್ತದೆ, ಹಾಗಾಗಿ ಒಂದೇ ಕಡೆ ಹೋಗಿದೆ ಅಂತ ಫ್ಯೂಸ್ ನೋಡದೆ ಬಿಡಬೇಡಿ. ಬ್ರೇಕ್ ಲೈಟ್ ಮೂರೂ ಒಟ್ಟಿಗೆ ಹೋದರೆ ಮೂರು ಬಲ್ಬ್ ಒಂದೇ ದಿನ ಸಾಯುವುದಿಲ್ಲ, ಫ್ಯೂಸ್ ಅಥವಾ ಬ್ರೇಕ್ ಪೆಡಲ್ ಮೇಲಿರುವ ಸಣ್ಣ ಸ್ವಿಚ್. ಬ್ರೇಕ್ ಬಿಟ್ಟರೂ ಕೆಂಪು ಉರಿಯುತ್ತಲೇ ಇದ್ದರೂ ಅದೇ ಸ್ವಿಚ್ ನೋಡಿ. ಒಬ್ಬರೇ ಇದ್ದರೆ ಕತ್ತಲಾದ ಮೇಲೆ ಕಾರಿನ ಹಿಂಭಾಗವನ್ನು ಗೋಡೆಗೆ ಹತ್ತಿರ ತಂದು ನಿಲ್ಲಿಸಿ ಬ್ರೇಕ್ ಒತ್ತಿ, ಕನ್ನಡಿಯಲ್ಲಿ ಎರಡು ಕೆಂಪು ಕಲೆ ಕಾಣಬೇಕು.

ಬಲ್ಬ್ ನೀವೇ ಬದಲಿಸುವುದಾದರೆ ಹಿಂದಿನ ಬಲ್ಬಿನಲ್ಲಿ ಒಂದು ಎಚ್ಚರ. ಬ್ರೇಕ್ ಮತ್ತು ಟೇಲ್ ಎರಡೂ ಒಂದೇ ಬಲ್ಬಿನಲ್ಲಿರುವ ಕಾರಿಗೆ ಎರಡು ಫಿಲಮೆಂಟಿನ 21/5 ವ್ಯಾಟಿನದು ಬೇಕು. ಅದರ ಬುಡದಲ್ಲಿ ಪಕ್ಕದ ಎರಡು ಗುಬಟು ಒಂದು ಮೇಲೆ ಒಂದು ಕೆಳಗೆ ಇರುತ್ತವೆ, ಒಂದೇ ರೀತಿಯಲ್ಲಿ ಕೂರಲಿ ಅಂತ. ಒಂದು ಫಿಲಮೆಂಟಿನ ಬಲ್ಬಿನಲ್ಲಿ ಎರಡೂ ಸಮ. ಈ ಒಂದು ಫಿಲಮೆಂಟಿನದನ್ನು ಎರಡು ಫಿಲಮೆಂಟಿನ ಹೋಲ್ಡರ್‌ನಲ್ಲಿ ಬಲವಂತವಾಗಿ ತುರುಕಿದರೆ ಬ್ರೇಕ್ ಲೈನೂ ಟೇಲ್ ಲೈನೂ ಒಂದಾಗಿ, ಆಮೇಲೆ ಬ್ರೇಕ್ ಒತ್ತಿದರೆ ಮೀಟರ್ ಬೋರ್ಡ್ ಬೆಳಗುವಂಥ ವಿಚಿತ್ರಗಳು ಶುರುವಾಗುತ್ತವೆ.

ಮಲೆನಾಡಿನವರಿಗೆ ಇನ್ನೊಂದು ತಲೆನೋವು ಇಲಿ. ಅಡಿಕೆ, ಭತ್ತ ಇಟ್ಟ ಮನೆಯ ಪಕ್ಕ ಕಾರು ನಿಲ್ಲಿಸಿದರೆ ಬಾನೆಟ್ ಒಳಗೆ ಬಂದು ಬೆಚ್ಚಗೆ ಕೂತು ವೈರ್ ಕಡಿಯುತ್ತದೆ. ನಾನು ಕಾಯುತ್ತಿದ್ದಾಗಲೇ ಅಂಥದೊಂದು ಗಾಡಿ ಕೊಪ್ಪದ ಕಡೆಯಿಂದ ಬಂತು, ಹೆಡ್‌ಲೈಟೂ ಇಲ್ಲ, ಹಾರ್ನೂ ಇಲ್ಲ. ಬಾನೆಟ್ ಎತ್ತಿದರೆ ಬ್ಯಾಟರಿ ಮೇಲೆ ಅಡಿಕೆ ಸಿಪ್ಪೆಯ ರಾಶಿ.

ಈಗ ಅರ್ಧ ಯಾಕೆ ಕಟ್ ಅಂತ. ಕಾಯಬೇಕು. ಬೆಳಿಗ್ಗೆ ಬನ್ನಿ ಅಂದವರು ಮಧ್ಯಾಹ್ನದವರೆಗೆ ನನ್ನ ಕಾರನ್ನು ಮುಟ್ಟಲಿಲ್ಲ, ಒಂದು ಕೆಎಸ್‌ಆರ್‌ಟಿಸಿ ಬಸ್ಸಿನಷ್ಟು ಉದ್ದದ ಲಾರಿ ಮುಂದೆ ನಿಂತಿತ್ತು. ಕೂರಲು ಜಾಗ ಅಂದರೆ ಒಂದು ಹಳೆ ವ್ಯಾನಿನ ಸೀಟು, ಅದರ ಮೇಲೆ ಯಾವಾಗಲೂ ಯಾರಾದರೂ ಇರುತ್ತಾರೆ. ಫೋನ್ ಎತ್ತುವುದಿಲ್ಲ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ, ಅದನ್ನು ತಿಳಿದುಕೊಂಡು ಹೋಗಿ. ಬಿಲ್ ಕೊಡುವುದಿಲ್ಲ, ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಬರೆದು ತೋರಿಸುತ್ತಾರೆ. ಆಫೀಸಿಗೆ ಬಿಲ್ ಹಾಕಬೇಕಾದವರಿಗೆ ಇದು ದೊಡ್ಡ ತೊಂದರೆ. ಗ್ಯಾರಂಟಿ ಅಂತ ಬಾಯಲ್ಲಿ ಹೇಳುತ್ತಾರೆ ಅಷ್ಟೇ. ಬಿಚ್ಚಿದ ಡಿಕ್ಕಿ ಕವರಿನ ಎರಡು ಕ್ಲಿಪ್ ಮುರಿದಿದ್ದವು, ಕೇಳಿದ ಮೇಲೆ ಬೇರೆ ಹಾಕಿಕೊಟ್ಟರು. ಕೇಳದಿದ್ದರೆ ಹಾಗೇ ಬರುತ್ತಿತ್ತೋ ಏನೋ.

ಇನ್ನೊಂದು ಮಿತಿ ಅವರೇ ಹೇಳಿಕೊಂಡರು. ಈಗಿನ ಹೊಸ ಕಾರುಗಳಲ್ಲಿ ಲೈಟ್‌ಗಳನ್ನು ನಡೆಸುವುದು ಒಂದು ಕಂಪ್ಯೂಟರ್ ಡಬ್ಬಿ, ಸ್ವಿಚ್ ಬರೀ ಅದಕ್ಕೆ ಸುದ್ದಿ ಮುಟ್ಟಿಸುತ್ತದೆ. ಅಂಥದ್ದಕ್ಕೆ ಸ್ಕ್ಯಾನರ್ ಹಾಕಿ ನೋಡಬೇಕು, ದಬ್ಬಣ ಚುಚ್ಚಿ ಟೆಸ್ಟ್ ಲ್ಯಾಂಪ್ ಹಿಡಿದರೆ ಡಬ್ಬಿಯೇ ಹೋಗಬಹುದು. ಅಂಥ ಗಾಡಿ ಬಂದರೆ ಬಲ್ಬ್, ಫ್ಯೂಸ್, ಅರ್ತ್ ನೋಡಿ, ಅಲ್ಲಿಗೂ ಆಗದಿದ್ದರೆ ಕಂಪನಿಗೇ ಹೋಗಿ ಅಂತ ಕಳಿಸುತ್ತಾರೆ. ವಾರಂಟಿ ಇರುವ ಕಾರನ್ನಂತೂ ಇಲ್ಲಿಗೆ ತರಬೇಡಿ, ವೈರ್ ಕತ್ತರಿಸಿದ್ದು ಕಂಡರೆ ಆಮೇಲೆ ಕ್ಲೇಮ್‌ಗೆ ತಕರಾರು ಬರುತ್ತದೆ.

ದುಡ್ಡು? ಅರ್ತ್, ಡಿಕ್ಕಿ ವೈರ್, ಸೆರಾಮಿಕ್ ಹೋಲ್ಡರ್, ಎರಡು ಹೆಡ್‌ಲೈಟ್ ಬಲ್ಬ್, ಹಿಂದೆ ಕಪ್ಪಾಗಿದ್ದ ಒಂದು ಬಲ್ಬ್, ಮಜೂರಿ ಎಲ್ಲ ಸೇರಿ 1,450 ರೂಪಾಯಿ. ಫೋನ್‌ಪೇ ಇದೆ. ಹುಡುಗನಿಗೆ ಬೇರೆ ಕೊಟ್ಟೆ, ಡಿಕ್ಕಿ ಎತ್ತಿ ಇಳಿಸಿ ಅವನ ಕೈ ಸೋತಿತ್ತು. ಅಲ್ಲಿಂದ ಈಚೆ ಒಂದು ಪೂರ್ತಿ ಮಳೆಗಾಲ ಕಳೆದಿದೆ, ಕೊನೆಗೆ ಹಾಕಿದ ಕೆಂಪು ಫ್ಯೂಸ್ ಇನ್ನೂ ಅದೇ ಇದೆ.

ಉಳಿದಿರುವುದು ರಿವರ್ಸ್ ಲೈಟ್. ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಅದರ ಸ್ವಿಚ್ ಗೇರ್‌ಬಾಕ್ಸ್ ಮೇಲೆ ಇರುವುದು, ಗಾಡಿ ಎತ್ತಬೇಕು, ಅವರ ಹತ್ತಿರ ಲಿಫ್ಟ್ ಇಲ್ಲ. ಕ್ಲಚ್ ಕೆಲಸ ಹೇಗೂ ಬರುತ್ತದಲ್ಲ, ಆಗ ಮೆಕ್ಯಾನಿಕ್ ಹತ್ತಿರ ಒಟ್ಟಿಗೆ ಹಾಕಿಸಿಕೊಳ್ಳಿ, ಅದಕ್ಕೆ ಅಂತ ಬೇರೆ ಮಜೂರಿ ಯಾಕೆ ಕೊಡುತ್ತೀರಿ ಅಂದರು.